ಅಪೇಕ್ಷಾಳ ಕಾರ್ಡಿನಿಂದ ತೆರೆದ ಬಾಗಿಲು

ಮೇ ತಿಂಗಳ ಕೊನೆಯ ಸೋಮವಾರ ಬೆಳಗ್ಗೆ ಆಕ್ಲೆಂಡಿನ ಮನುಕಾವ್ ಪೊಲೀಸ್ ಠಾಣೆಗೆ ಹತ್ತಿರದ ಪಾಲಿಟೆಕ್ನಿಕ್‌ನಿಂದ ದೂರು ಬಂತು. ಕೊಟ್ಟವರು ರಸಾಯನಶಾಸ್ತ್ರ ಪ್ರಯೋಗಾಲಯದ ಮೇಲ್ವಿಚಾರಕಿ ಹೆಲೆನ್. ಮೊದಲ ವರ್ಷದವರ ಲ್ಯಾಬಿನಿಂದ ಹನಿಹನಿಯಾಗಿ ದ್ರಾವಣ ಬಿಡುವ ಗಾಜಿನ ನಳಿಕೆ ಬ್ಯೂರೆಟ್, ಸ್ಟ್ಯಾಂಡ್, ಕೆಲವು ಫ್ಲಾಸ್ಕ್‌ಗಳು, ಆಸಿಡ್, ಕ್ಷಾರ ಮತ್ತು ಬಣ್ಣದ ಸೂಚಕದ ಬಾಟಲಿಗಳು ಕಳುವಾಗಿದ್ದವು.

ಪ್ರಕರಣ ಡಿಟೆಕ್ಟಿವ್ ಅಮಿತಾಗೆ ಬಂತು. ಮೈಸೂರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಆಕ್ಲೆಂಡಿಗೆ ಬಂದವಳು. ಜೊತೆಗಿದ್ದ ಕಾನ್‌ಸ್ಟೇಬಲ್ ತವಿತಾ ಸಮೋವಾ ದ್ವೀಪ ಮೂಲದವನು.

"ಮಾದಕವಸ್ತು ತಯಾರಿಸುವವರ ಕೆಲಸ," ಅಂದ ತವಿತಾ.

ಅಮಿತಾ ಲ್ಯಾಬಿನ ಬಾಗಿಲು ಪರಿಶೀಲಿಸಿದಳು. ಒಡೆದ ಗುರುತಿರಲಿಲ್ಲ.

"ಹೇಗೆ ಒಳಗೆ ಬಂದರು?"

"ವಿದ್ಯಾರ್ಥಿ ಕಾರ್ಡ್ ಬಳಸಿ. ನಿನ್ನೆ ಮಧ್ಯಾಹ್ನ," ಎಂದರು ಹೆಲೆನ್.

"ಯಾರ ಕಾರ್ಡ್?"

ಹೆಲೆನ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಅಪೇಕ್ಷಾ ಅಂತ ಒಬ್ಬ ಹುಡುಗಿಯದು. ಈಸ್ಟರ್ ರಜೆಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಳು. ಕಾರ್ಡ್ ರದ್ದು ಮಾಡಬೇಕು ಅನ್ನೋದು ನಮಗ್ಯಾರಿಗೂ ಹೊಳೆಯಲಿಲ್ಲ."

ಸಿಸಿಟಿವಿಯಲ್ಲಿ ನರೆಗೂದಲಿನ ಗಂಡಸೊಬ್ಬ ಕಂಡ. ಮೈಮೇಲೆ ಲ್ಯಾಬಿನ ಬಿಳಿ ಕೋಟು. ಅದರ ತೋಳು ಮಣಿಕಟ್ಟಿನವರೆಗೂ ಬಂದಿರಲಿಲ್ಲ. ಮುಖ ಮುಚ್ಚಿಕೊಂಡಿರಲಿಲ್ಲ. ಸಾಮಾನನ್ನು ಬ್ಯಾಗಿಗೆ ತುಂಬಿಕೊಂಡ ಮೇಲೆ, ತಾನು ಎಳೆದಿದ್ದ ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ತಳ್ಳಿ ಹೊರಗೆ ಹೋದ.

"ಇವರನ್ನು ನೋಡಿದ್ದೇನೆ," ಅಂದರು ಹೆಲೆನ್. "ಲೆಕ್ಚರ್‌ಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ವಯಸ್ಸಾದ ವಿದ್ಯಾರ್ಥಿಗಳು ಇಲ್ಲಿ ಬೇಕಾದಷ್ಟು ಜನ, ಯಾರೂ ವಿಚಾರಿಸಿಲ್ಲ. ಒಮ್ಮೆ ಲ್ಯಾಬಿಗೂ ಬಂದಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ವಾಪಸ್ ಕಳಿಸಿದೆ. ಲ್ಯಾಬ್ ಮುಗಿಯುವವರೆಗೂ ಗಾಜಿನ ಆಚೆ ನಿಂತು ನೋಡುತ್ತಿದ್ದರು."

ಅಪೇಕ್ಷಾಳ ಮನೆ ಪಾಪಾಟೊಯಿಟೊಯಿ ಬಡಾವಣೆಯಲ್ಲಿತ್ತು. ಮರುದಿನ ಶೋಧನಾ ವಾರಂಟ್ ಹಿಡಿದು ಇಬ್ಬರೂ ಅಲ್ಲಿಗೆ ಹೋದರು. ಬಾಗಿಲು ತೆರೆದದ್ದು ತಾಯಿ ಲೀಲಾ. ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದಿದ್ದರು. ಅವರ ಗಂಡ ಎಲ್ಲಿ ಎಂದು ಅಮಿತಾ ಕೇಳಿದಳು.

"ನಮ್ಮ ಯಜಮಾನರಾ? ಗ್ಯಾರೇಜಿನಲ್ಲಿ ಆಫೀಸ್ ಕೆಲಸ ಮಾಡ್ತಿದಾರೆ. ಮೂರು ದಿನ ಆಫೀಸಿಗೆ ಹೋಗ್ತಾರೆ, ಮಿಕ್ಕಿದ್ದು ಮನೆಯಿಂದಲೇ. ಏನಾಯ್ತಮ್ಮ?"

ತವಿತಾ ಗ್ಯಾರೇಜಿನ ಬಾಗಿಲನ್ನು ಎಚ್ಚರಿಕೆಯಿಂದ ತಳ್ಳಿದ. ಕಿಟಕಿಯ ಬಳಿ ಮೇಜು, ಅದರ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಬ್ಯೂರೆಟ್. ಸಾಲಾಗಿ ಇಟ್ಟ ಫ್ಲಾಸ್ಕ್‌ಗಳಲ್ಲಿ ಗಾಢ ಗುಲಾಬಿ ಬಣ್ಣದ ನೀರು. ಮಗಳ ಬಿಳಿ ಕೋಟು ತೊಟ್ಟ ತಂದೆ ಹರಿಪ್ರಸಾದ ತಿರುಗಿ ನೋಡಲಿಲ್ಲ.

"ಒಂದು ನಿಮಿಷ."

ಬ್ಯೂರೆಟ್‌ನಿಂದ ಒಂದು ಹನಿ ಬಿತ್ತು. ಕೆಳಗಿನ ಫ್ಲಾಸ್ಕ್ ಪೂರ್ತಿ ಗಾಢ ಗುಲಾಬಿಯಾಯಿತು.

"ಮತ್ತೆ ಜಾಸ್ತಿ ಆಯ್ತು," ಅಂದರು.

ಅಮಿತಾ ಕನ್ನಡದಲ್ಲೇ ಕೇಳಿದಳು. "ಅಂಕಲ್, ಇದೆಲ್ಲ ಕಾಲೇಜಿಂದ ತಂದಿದ್ದಾ?"

"ಹೌದಮ್ಮ."

"ಕಾರ್ಡ್ ಎಲ್ಲಿ ಸಿಕ್ತು?"

"ಅಪಘಾತ ಆದ್ಮೇಲೆ ಪೊಲೀಸರೇ ಅವಳ ಬ್ಯಾಗ್ ತಂದುಕೊಟ್ರು. ಅದರಲ್ಲಿತ್ತು."

"ಯಾಕೆ ತಂದ್ರಿ ಇದನ್ನೆಲ್ಲ?"

"ರಜೆ ಮುಗಿಸಿ ಬಂದ್ಮೇಲೆ ಅವಳು ಮಾಡಬೇಕಾಗಿದ್ದ ಮೊದಲನೇ ಪ್ರಯೋಗ ಇದು. ಬಣ್ಣ ಬಂದೂ ಬಾರದ ಹಾಗಿರಬೇಕಂತೆ, ಆ ಹನಿಗೇ ನಿಲ್ಲಿಸಬೇಕು. ಅವಳ ಕ್ಲಾಸಲ್ಲಿ ಕೂತು ಕೇಳಿದೀನಿ, ಆದ್ರೂ ನನಗೆ ಬರ್ತಿಲ್ಲ."

"ಕಾಲೇಜಿನವರನ್ನ ಕೇಳಿದ್ರೆ ಅವರೇ ಕೊಡ್ತಿದ್ರೇನೋ."

"ಕೇಳಬೇಕು ಅಂದ್ರೆ, ಅವಳಿಲ್ಲ ಅಂತ ನನ್ನ ಬಾಯಿಂದ ಹೇಳಬೇಕಿತ್ತಲ್ಲಮ್ಮ."

ಅಮಿತಾ ಕಳವಿನ ಆರೋಪದಲ್ಲಿ ಬಂಧಿಸುತ್ತಿರುವುದಾಗಿ ತಿಳಿಸಿದಳು. ಸುಮ್ಮನಿರುವ ಹಕ್ಕು, ವಕೀಲರ ಜೊತೆ ಮಾತಾಡುವ ಹಕ್ಕು, ಆಡಿದ ಮಾತೆಲ್ಲ ಸಾಕ್ಷ್ಯವಾಗುತ್ತದೆ ಅನ್ನುವುದು, ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು. ಹರಿಪ್ರಸಾದ ಕೋಟನ್ನು ಬಿಚ್ಚಿ ಮಡಿಸಿದರು. ಯಾರ ಕೈಗೆ ಕೊಡಬೇಕೋ ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತರು.

ಲೀಲಾ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದರು.

"ಆಫೀಸು ಅಂತ ಹೋಗ್ತಿದ್ದಿದ್ದು ಅವಳ ಕ್ಲಾಸಿಗಾ?"

"ಆಫೀಸಿಗೆ ರಜೆ ಹಾಕಿದೀನಿ. ಬೆಳಗ್ಗೆ ಅವಳು ಹೊರಡೋ ಹೊತ್ತಾಗ್ತಿತ್ತು ಲೀಲಾ. ಯಾರೂ ಹೊರಡ್ತಿರಲಿಲ್ಲ. ಸುಮ್ನೆ ಕೂತಿರೋದಕ್ಕೆ ಆಗಲಿಲ್ಲ."

"ನನ್ನನ್ಯಾಕೆ ಕರೀಲಿಲ್ಲ?"

ಲೀಲಾ ಕೋಟನ್ನು ಅವರ ಕೈಯಿಂದ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡರು. ಎಷ್ಟೋ ಹೊತ್ತು ಹಾಗೇ ನಿಂತಿದ್ದರು.

ತವಿತಾ ಗಾಜಿನ ಸಾಮಾನನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದು ಜಪ್ತಿ ಮಾಡಿದ. ಹರಿಪ್ರಸಾದರನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿದಾಗ ಲೀಲಾ ಬರಿಗಾಲಲ್ಲೇ ಪಕ್ಕಕ್ಕೆ ಬಂದು ನಿಂತರು. ತವಿತಾ ಅಮಿತಾಳ ಮುಖ ನೋಡಿದ. ಅಮಿತಾ ಇನ್ನೊಂದು ಬಾಗಿಲು ತೆರೆದಳು.

ಕಾರು ಗ್ರೇಟ್ ಸೌತ್ ರೋಡಿಗೆ ತಿರುಗಿತು.

"ಪಾಠ ಅರ್ಥ ಆಗ್ತಿತ್ತಾ?" ಲೀಲಾ ಕೇಳಿದರು.

"ಅಲ್ಪಸ್ವಲ್ಪ."

"ಮೊದಲಿಂದ ಹೇಳಿ."

ಹರಿಪ್ರಸಾದ ಗಂಟಲು ಸರಿಮಾಡಿಕೊಂಡು ಪರಮಾಣುವಿನಿಂದ ಶುರುಮಾಡಿದರು. ಎರಡು ಕಡೆ ತಪ್ಪಿ, ತಾವೇ ತಿದ್ದಿಕೊಂಡರು. ಮುಂದಿನ ಸೀಟಿನಲ್ಲಿದ್ದ ಅಮಿತಾ ಅದ್ಯಾವುದನ್ನೂ ಬರೆದುಕೊಳ್ಳಲಿಲ್ಲ.