ಮೇಷ್ಟ್ರ ಬ್ರಾಂಚ್

ನನ್ನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ಬೆನ್ನಿಗೆ ಮೆಟ್ಟಿಲಿನ ಕಂಬಿ. ಅದರಾಚೆ ನಾಲ್ಕು ಮಹಡಿ ಬರೀ ಗಾಳಿ!

"ಮೇಷ್ಟ್ರ ಬ್ರಾಂಚ್ ಇವತ್ತು ಸೇರ್ಬೇಕು," ಎಂದ ಸೂಟಿನವನು. "ನಿನ್ನ ಕೆಲಸ ಸೇರ್ಸೋದು. ಓದೋದಲ್ಲ."

ಮಾತು ನಿಜ, ಕೇಳಿ. ಊರೂರಲ್ಲಿ ಕೂತವರು ಒಂದೇ ಕರ್ನಲ್‌ಗೆ ಕೋಡ್ ಬರೆಯುತ್ತಾರೆ. ಕರ್ನಲ್ ಅಂದರೆ ಕಂಪ್ಯೂಟರಿನೊಳಗಿನ ಯಜಮಾನ. ಒಬ್ಬೊಬ್ಬರದೂ ಒಂದೊಂದು ಬ್ರಾಂಚ್, ಅಂದರೆ ಅವರವರ ಕೋಡಿನ ಕವಲು. ದಿನಾ ಬೆಳಿಗ್ಗೆ ಅವನ್ನೆಲ್ಲ ತಂದು ಜೋಡಿಸಿ, ಯಾರ ಕೋಡ್ ಯಾರ ಕಾಲು ತುಳಿಯುತ್ತಿದೆ ಎಂದು ನೋಡುವವನು ನಾನು. ಕೋಡ್ ಓದುವುದಿಲ್ಲ. ಬರೆದವರ ಡಿಜಿಟಲ್ ಸಹಿ ಸರಿಯಿದ್ದರೆ ಸೇರಿಸುತ್ತೇನೆ.

ಈ ಕೆಲಸ ಕಲಿಸಿದವರು ಮೇಷ್ಟ್ರು. ಅವರು ತೀರಿಕೊಂಡು ಅರ್ಧ ವರ್ಷವಾಗಿತ್ತು. ಅವರ ಬ್ರಾಂಚ್ ತೆಗೆಯಿರಿ ಎಂದವರಿಗೆಲ್ಲ ನಾಳೆ ಎನ್ನುತ್ತಿದ್ದೆ. ದಿನಾ ಅವರ ಹೆಸರಿನ ಮುಂದೆ ಸ್ಕ್ರೀನ್ 'ಹೊಸದೇನಿಲ್ಲ' ಎಂದು ತೋರಿಸುತ್ತಿತ್ತು. ಬದುಕಿದ್ದಾಗ ಫೋನ್ ಮಾಡಿದರೂ ಅವರು ಅಷ್ಟೇ ಹೇಳುತ್ತಿದ್ದರು.

ಇವತ್ತು ಬೆಳಿಗ್ಗೆ ಹೊಸದು ಬಂತು... ಅವರದೇ ಸಹಿಯೊಂದಿಗೆ!

ಎದೆ ಒಂದು ಗಳಿಗೆ ಕುಣಿಯಿತು. ಹುಚ್ಚು ಎದೆ. ಆಮೇಲೆ ಕೂತು ಕೋಡ್ ಓದಿದೆ. ಅದೊಂದು ಕಳ್ಳಬಾಗಿಲು. ಈ ಕರ್ನಲ್ ಓಡುವ ಆಸ್ಪತ್ರೆ, ಬ್ಯಾಂಕು, ರೈಲು... ಪಾಸ್‌ವರ್ಡ್ ಇಲ್ಲದೆ ಎಲ್ಲಿಗೆ ಬೇಕಾದರೂ ನುಗ್ಗಬಹುದು. ಆ ಸಹಿ ಹಾಕುವ ಕೀಲಿ ಇದ್ದದ್ದು ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅವರ ಮನೆಗೆ ಓಡಿದೆ. ನಾನು ಬಂದೇ ಬರುತ್ತೇನೆಂದು ಎಣಿಸಿ ಈ ಸೂಟಿನವನು ಮೆಟ್ಟಿಲಲ್ಲಿ ಕಾದಿದ್ದ.

ಅವನ ಪಾದದ ಮೇಲೆ ಹಿಮ್ಮಡಿ ಊರಿದೆ. ಹಿಡಿತ ಸಡಿಲಿತು. ಮೂಗಿಗೆ ಮೊಣಕೈ ಕೊಟ್ಟೆ. ಮೇಲಕ್ಕೆ ಓಡಿದೆ. ಅವನು ಬೆನ್ನಟ್ಟಿ ಬಂದ. ಮೇಷ್ಟ್ರ ಹೆಂಡತಿ ಬಾಗಿಲು ತೆರೆದಿದ್ದೇ ತಡ, ಒಳಗೆ ನುಗ್ಗಿ ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡಿದೆ. ಹೊರಗಿನ ಗುದ್ದಿಗೆ ಬಾಗಿಲು ಅದುರುತ್ತಿತ್ತು.

"ಲ್ಯಾಪ್‌ಟಾಪ್ ಯಾರಿಗೆ ಕೊಟ್ರಿ, ಅಕ್ಕಾ?"

ಸೂಟಿನವನಿಗೇ. ಮೇಷ್ಟ್ರು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸುತ್ತೇವೆ, ಅವರ ಹೆಸರಲ್ಲೇ ಹೊರಬರುತ್ತದೆ ಎಂದಿದ್ದನಂತೆ. ಪಾಸ್‌ವರ್ಡನ್ನೂ ಅಕ್ಕನೇ ಹೇಳಿದ್ದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಬೈಯಲು ಬಾಯಿ ತೆರೆದೆ.

"ಬೆಳಿಗ್ಗೆ ನಿಮ್ಮ ವೆಬ್‌ಸೈಟಲ್ಲಿ ನೋಡ್ದೆ ಕಣೋ," ಎಂದರು ಅಕ್ಕ. "ಅವರ ಹೆಸ್ರು, ಪಕ್ಕದಲ್ಲಿ ಇವತ್ತಿನ ತಾರೀಖು. ಒಬ್ಳೇ ಕೂತು ನಕ್ಕೆ."

ಬೈಯುವುದು ಬಿಟ್ಟೆ. ವಿಷಯ ಹೇಳಿದೆ.

"ಅವರ ಹೆಸ್ರು ತೆಗೀತೀಯಾ?"

"ತೆಗೀಲೇಬೇಕು, ಅಕ್ಕಾ."

"ಬೇಗ ತೆಗಿ. ನಾನು ನೋಡಲ್ಲ." ಗೋಡೆಗೆ ಮುಖ ಮಾಡಿ ಕೂತರು.

ಫೋನಿನಲ್ಲೇ ಮೇಷ್ಟ್ರ ಸಹಿ ರದ್ದು ಮಾಡಿದೆ. ಬ್ರಾಂಚ್ ತೆಗೆದೆ. ಅವರ ಚಟ್ಟಕ್ಕೆ ಹೆಗಲು ಕೊಟ್ಟಾಗಲೂ ಹೀಗೆ ಅತ್ತಿರಲಿಲ್ಲ. ಓಡಿಹೋಗುತ್ತಿದ್ದ ಸೂಟಿನವನನ್ನು ಪೊಲೀಸರು ಗೇಟಿನಲ್ಲೇ ಹಿಡಿದರು.

ಮರುದಿನ ಜೋಡಣೆ ಯಾವ ತಕರಾರೂ ಇಲ್ಲದೆ ಮುಗಿಯಿತು. ತಂಡದವನೊಬ್ಬ ಫೋನ್ ಮಾಡಿ, ಏನು ಸಮಾಚಾರ ಎಂದ.

"ಹೊಸದೇನಿಲ್ಲ," ಎಂದೆ.