ಕುಂಡ ಬಿಟ್ಟು ಹೋದ ಕಳ್ಳ

ಅಕ್ಟೋಬರ್ ಹದಿನೇಳರ ಬೆಳಿಗ್ಗೆ ಒಂಬತ್ತಕ್ಕೆ ಕನ್ನಡಕದ ಅಂಗಡಿಯವನು ಠಾಣೆಗೆ ಬಂದು, ತಾನು ನಾಲ್ಕು ದಿನ ಊರಲ್ಲಿಲ್ಲದಾಗ ಮನೆಯಲ್ಲಿ ಗಿಡ ಕಳವಾಗಿದೆ ಎಂದು ದೂರು ಕೊಟ್ಟ. ಬರೆದುಕೊಳ್ಳುತ್ತಿದ್ದ ದಫೇದಾರ ಪೆನ್ನು ನಿಲ್ಲಿಸಿದ.

"ಗಿಡಾನಾ?"

"ಬೋನ್ಸಾಯ್. ಅಂಜೂರದ್ದು. ಎಲೆ ಮೇಲೆ ಬಿಳಿ ಮಚ್ಚೆ ಇರುತ್ತೆ. ಅಂಥದ್ದು ಹುಡುಕಿದ್ರೂ ಸಿಗಲ್ಲ. ನನ್ನ ಹೆಂಡ್ತಿ ಬೆಳೆಸಿದ್ದು. ಹೋದ ವರ್ಷ ತೀರ್ಕೊಂಡ್ಲು."

ಒಳಕೋಣೆಯಿಂದ ಮಹಿಳಾ ಇನ್‌ಸ್ಪೆಕ್ಟರ್ ಎದ್ದು ಬಂದರು. ದೂರು ಕೊಟ್ಟವನ ಅಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿ ಹಾಕಿದ್ದವು. ಹೇಳುವವರಿಲ್ಲದ ಮನೆ ಎಂಬುದು ಅವರಿಗೆ ಅಷ್ಟರಲ್ಲೇ ತಿಳಿಯಿತು.

"ಎಫ್‌ಐಆರ್ ಹಾಕಿ," ಎಂದರು.

ಅಂಗಡಿಯ ಮೇಲೇ ಮನೆ. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಹಿಂದಿನ ಮೆಟ್ಟಿಲ ಬಾಗಿಲಿನ ಬೀಗ ಮುರಿದಿರಲಿಲ್ಲ. ರಸ್ತೆ ಕಡೆಯ ಬಾಲ್ಕನಿಯಲ್ಲಿ ನೀಲಿ ಮೆರುಗಿನ ತಗ್ಗು ಕುಂಡ ಖಾಲಿಯಾಗಿತ್ತು. ಗಿಡವನ್ನು ಕುಂಡಕ್ಕೆ ಬಿಗಿದಿದ್ದ ತಂತಿಯನ್ನು ತಳದ ತೂತಿನಲ್ಲೇ ಕತ್ತರಿಸಲಾಗಿತ್ತು. ನೆಲದ ಮೇಲೆ ಅಂಜೂರದ ಹಾಲಿನ ಹನಿಗಳು ಒಣಗಿದ್ದವು. ಮೂಲೆಯಲ್ಲಿ ಮಡಿಸಿಟ್ಟ ಪತ್ರಿಕೆಯೊಳಗೆ ಹಳೆಯ ಮಣ್ಣು, ಕತ್ತರಿಸಿದ ಬೇರಿನ ತುದಿಗಳು.

"ಕಳ್ಳ ಕಸ ಗುಡಿಸಿ ಹೋಗಿದಾನೆ ಮೇಡಂ," ಎಂದ ದಫೇದಾರ. "ನಮ್ಮನೇಗೂ ಒಂದ್ಸಲ ಬರ್ಲಿ."

ಇನ್‌ಸ್ಪೆಕ್ಟರ್ ನಗಲಿಲ್ಲ. "ಈ ಕುಂಡ ಯಾರದು?"

"ಮದುವೇಲಿ ನಾನು ಅವಳಿಗೆ ಕೊಟ್ಟಿದ್ದು. ಬೆಲೆ ಬಾಳೋದು, ಮಾರ್ತೀರಾ ಅಂತ ಗಿಡದ ಅಂಗಡಿಯೋರು ಇವತ್ತಿಗೂ ಕೇಳ್ತಾರೆ."

"ಗಿಡ ಯಾರು ನೋಡ್ಕೋತಿದ್ರು?"

"ನಾನೇ. ನೀರು ಹಾಕ್ತಿದ್ದೆ, ಅಷ್ಟೆ. ಅವಳು ಹೇಗೆ ಬಿಟ್ಟು ಹೋದ್ಲೋ ಹಾಗೇ ಇರ್ಲಿ ಅಂತ ಒಂದೆಲೆ ಕೀಳೋಕೂ ಯಾರನ್ನೂ ಬಿಟ್ಟಿಲ್ಲ."

ಮೊಬೈಲಿನಲ್ಲಿ ಫೋಟೊ ತೋರಿಸಿದ. ಒಂದು ಪಕ್ಕ ಬಿಳಿ ಮಚ್ಚೆಯ ಪುಟ್ಟ ಎಲೆಗಳು, ಇನ್ನೊಂದು ಪಕ್ಕ ಬರೀ ಹಸಿರು, ದೊಡ್ಡದೊಡ್ಡದು. ಬಾಗಿಸಿ ಆಕಾರ ಕೊಡಲು ಕೊಂಬೆಗಳಿಗೆಲ್ಲ ತಾಮ್ರದ ತಂತಿ ಸುತ್ತಿತ್ತು.

"ಬೀಗದಕೈ ಎಷ್ಟಿವೆ?"

"ಎರಡು. ಒಂದು ನಂದು, ಒಂದು ಅವಳದು."

"ಅವರದು ಎಲ್ಲಿದೆ?"

"ಅವಳ ಕೈಚೀಲ ಆಸ್ಪತ್ರೆಯೋರು ನಮ್ಮತ್ತೆ ಕೈಗೆ ಕೊಟ್ರು. ಗಿಡ ನಂಗೆ ಕೊಡಿ ಅಂತ ಅವರು ಒಂದ್ಸಲ ಬಂದಿದ್ರು. ನಾನು ಬಾಗಿಲು ಹಾಕ್ಬಿಟ್ಟೆ. ಆಮೇಲೆ ಮಾತಿಲ್ಲ ಕತೆಯಿಲ್ಲ. ಆದ್ರೆ ಅವರಿಗೆ ಮಂಡಿನೋವು ಮೇಡಂ. ಮೆಟ್ಟಿಲು ಹತ್ತಕ್ಕಾಗಲ್ಲ."

ಅತ್ತೆ ಬಟ್ಟೆ ಹೊಲಿಯುವಾಕೆ. ಮಧ್ಯಾಹ್ನ ಎರಡಕ್ಕೆ ಬಾಗಿಲು ತೆರೆದಾಗ ಕೊರಳಲ್ಲಿ ಅಳತೆ ಟೇಪು ಇತ್ತು. ಖಾಕಿ ಕಂಡು ಬೆದರಲಿಲ್ಲ.

"ಒಳಗೆ ಬನ್ನಿ. ಬಾಗಿಲು ಬೇಗ ಹಾಕಿ, ಗಾಳಿ ಬಡಿಯುತ್ತೆ."

ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ, ತಳ ತೂತು ಮಾಡಿದ ಹಳೆಯ ಬೇಸಿನ್ನಿನಲ್ಲಿ ಗಿಡವಿತ್ತು. ಹಸಿರು ಕೊಂಬೆ ಇರಲಿಲ್ಲ. ಬಿಳಿ ಮಚ್ಚೆಯ ಎಲೆಗಳೂ ಅರ್ಧ ಉದುರಿದ್ದವು.

"ಅಮ್ಮಾ, ಇದನ್ನ ತಂದಿದ್ದು ನೀವಾ?"

"ಹೌದು."

"ಮೆಟ್ಟಿಲು ಹೇಗೆ ಹತ್ತಿದ್ರಿ?"

"ಕೂತ್ಕೊಂಡು, ಕೂತ್ಕೊಂಡು."

"ಕುಂಡ ಯಾಕೆ ಬಿಟ್ರಿ?"

"ಅದು ಅಳಿಯಂದು. ನಾನ್ಯಾಕೆ ಮುಟ್ಲಿ?"

ದಫೇದಾರ ಬಾಗಿಲ ಕಡೆ ಮುಖ ತಿರುಗಿಸಿದ.

ಅತ್ತೆಯೇ ಹೇಳುತ್ತ ಹೋದರು. ತಾವು ಹಿಂದೆ ಕೆಲಸಕ್ಕಿದ್ದ ಹೊಲಿಗೆ ಕಾರ್ಖಾನೆಯ ಅಂಗಳದಲ್ಲಿ ಮಾಮೂಲಿ ಅಂಜೂರದ ಮರವೊಂದಿತ್ತು. ಅದರ ಒಂದೇ ಒಂದು ರೆಂಬೆ ಬಿಳಿ ಮಚ್ಚೆಯದು. ಸ್ಕೂಲು ಬಿಟ್ಟು ಬಂದ ಮಗಳು ಅದನ್ನು ಮುರಿಸಿಕೊಂಡು ತಂದು ನೆಟ್ಟಳು. "ಬಿಳಿ ಇರೋ ಕಡೆ ಜೀವ ಕಮ್ಮಿ. ಹಸಿರು ಚಿಗುರು ಬಂದ್ರೆ ಆಗಿಂದಾಗ ಕತ್ತರಿಸ್ಬೇಕು, ಇಲ್ಲಾಂದ್ರೆ ಅದೇ ಎಲ್ಲಾ ತಿಂದುಬಿಡುತ್ತೆ. ಹೊಲಿದ ಬಟ್ಟೆ ಕೊಡೋಕೆ ಹೋಗ್ತಾ, ಅಳಿಯನ ಬಾಲ್ಕನೀಲಿದ್ದ ಇದನ್ನ ಬಸ್ಸಿನ ಕಿಟಕಿಯಿಂದ ದಿನಾ ನೋಡ್ತಿದ್ದೆ. ಬಿಳಿ ಕಮ್ಮಿಯಾಗ್ತಾ ಬಂತು. ಹತ್ರ ಹೋಗಿ ನೋಡಿದ್ರೆ ತಂತಿ ತೊಗಟೆ ಒಳಗೇ ಕಚ್ಕೊಂಡಿತ್ತು."

"ಇದು ಬೇರು ಕತ್ತರಿಸೋ ಕಾಲಾನಾ?"

"ಅಲ್ಲ. ಚಿಗುರೋ ಮುಂಚೆ ಮಾಡ್ಬೇಕು. ಅಲ್ಲೀವರೆಗೆ ಗಿಡ ಇರ್ತಿರ್ಲಿಲ್ಲ." ಬೇಸಿನ್ನಿನ ಅಂಚು ಹಿಡಿದರು. "ಈಗ್ಲೂ ಉಳಿಯುತ್ತೋ ಇಲ್ವೋ. ನನ್ನ ಕರ್ಕೊಂಡು ಹೋಗಿ. ಇದನ್ನ ಮಾತ್ರ ಅಲ್ಲಾಡಿಸ್ಬೇಡಿ. ಬೇರು ಮಣ್ಣು ಹಿಡಿದಿಲ್ಲ."

ಕಳವು ಮಾಲನ್ನು ಠಾಣೆಗೆ ಒಯ್ಯಬೇಕಾದ್ದು ನಿಯಮ. ಇನ್‌ಸ್ಪೆಕ್ಟರ್ ಗಿಡವನ್ನು ಇದ್ದಲ್ಲೇ ಜಪ್ತಿ ಮಾಡಿ, ಅಲ್ಲೇ ದೂರುದಾರನ ವಶಕ್ಕೆ ಕೊಡುವುದೆಂದು ಪಂಚನಾಮೆಯಲ್ಲಿ ಬರೆಸಿ, ಅವನನ್ನು ಕರೆಸಿದರು.

ಅವನು ಬಂದವನೇ ಕೊಂಬೆಗಳನ್ನು ನೋಡಿದ. "ತಂತಿ ಎಲ್ಲಿ?"

ಅತ್ತೆ ಗುಂಡಿ ಹಾಕಿಡುವ ಡಬ್ಬಿ ತೆಗೆದು ಅವನ ಮುಂದೆ ಇಟ್ಟರು. ಒಳಗೆ ತಾಮ್ರದ ಚೂರುಗಳು. "ಬಿಚ್ಚಿದ್ರೆ ಕೊಂಬೆ ಮುರಿಯುತ್ತೆ ಅಂತ ಕತ್ತರಿಸಿ ತೆಗೆದೆ. ಒಂದು ಚೂರೂ ಬಿಸಾಕಿಲ್ಲ."

"ಅವಳು ಸುತ್ತಿದ್ದು ಅತ್ತೆ ಅದು. ಕಡೇ ಸಲ."

"ಗೊತ್ತಪ್ಪಾ. ಅವಳಿದ್ದಿದ್ರೆ ಯಾವತ್ತೋ ತೆಗೆದಿರ್ತಿದ್ಲು."

ಅವನು ಡಬ್ಬಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತ. "ಮೇಡಂ, ದೂರು ವಾಪಸ್ ತಗೋತೀನಿ."

"ಅದನ್ನ ನಾಳೆ ಕೋರ್ಟಲ್ಲಿ ಹೇಳಿ. ಈಗ ನನ್ನ ಕೈಲಿಲ್ಲ."

ಮೂರೂವರೆಗೆ ದಸ್ತಗಿರಿಯಾಯಿತು. ಜೀಪು ಹತ್ತುವಾಗ ಮಂಡಿ ಮಡಿಸಲಾಗದೆ ಅತ್ತೆ ತಡವರಿಸಿದರು. ಅಳಿಯನೇ ಕೈ ಕೊಟ್ಟು ಹತ್ತಿಸಿದ.

ಆರೋಪಿಯ ಉದ್ದೇಶವೇನೆಂದು ವರದಿಯಲ್ಲಿ ಬರೆಯಬೇಕಿತ್ತು. 'ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ' ಎಂದು ಬರೆಯಲು ಕಾನೂನಿನಲ್ಲಿ ಜಾಗವಿಲ್ಲ. ಇನ್‌ಸ್ಪೆಕ್ಟರ್ 'ಗಿಡ ಸಾಯುತ್ತಿತ್ತು' ಎಂದಷ್ಟೇ ಬರೆದರು.

ಸಂಜೆ, ಠಾಣೆಯ ಬೆಂಚಿನ ಮೇಲೆ ಕೂತಿದ್ದ ಮುದುಕಿ ತಟ್ಟನೆ ಎದ್ದರು.

"ಗಂಟೆ ಐದಾಯ್ತಾ? ನಮ್ಮನೆ ಕಿಟಕಿಗೆ ಈಗ ಬಿಸಿಲು ಬರುತ್ತೆ. ಬಿಳಿ ಎಲೆ ಸುಟ್ಟುಹೋಗುತ್ತೆ. ಪರದೆ ಎಳೀಬೇಕು ಅಂತ ಹೇಳೋದು ಮರ್ತೇಬಿಟ್ಟೆ!"

ಇನ್‌ಸ್ಪೆಕ್ಟರ್ ಆ ಮನೆಯಲ್ಲೇ ಗಿಡದ ಬಳಿ ಉಳಿದಿದ್ದ ಅಳಿಯನಿಗೆ ಫೋನ್ ಮಾಡಿದರು. ಎರಡು ಮಾತು ಕೇಳಿ ಕೆಳಗಿಟ್ಟರು.

"ಆಗ್ಲೇ ಎಳೆದಿದಾರಂತೆ ಅಮ್ಮಾ. ನಿಮ್ಮ ಮಗಳು ಇದೇ ಹೊತ್ತಿಗೆ ಎಳೀತಿದ್ರಂತೆ."

ಮಧ್ಯಾಹ್ನದಿಂದ ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟಿದ್ದ ಆಕೆ, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.