ಬಿರುಸೇ ಬೇಕೆಂದ ಸಿಂಗಣ್ಣ

ಬಹಳ ಬಹಳ ಹಿಂದೆ, ಹುಲಿಗೂ ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕವಡೇಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿಯವರಿಗೆ ಆಟ ಅಂದರೆ ಪ್ರಾಣ. ರಾಜ ಸಿಂಹಾಸನದ ಮೇಲೆ ಕೂತು ಪಗಡೆ ಆಡುತ್ತಿದ್ದ, ಮಂತ್ರಿ ಅರಮನೆ ಮೆಟ್ಟಿಲ ಮೇಲೆ ಚೌಕಾಬಾರ ಆಡುತ್ತಿದ್ದ, ಅಡುಗೆಯವಳು ಸಾರು ಉಕ್ಕಿದರೂ ಅಳಗುಳಿಮಣೆ ಬಿಟ್ಟು ಏಳುತ್ತಿರಲಿಲ್ಲ. ಅಂಥ ಊರಲ್ಲಿ ಸಿಂಗಣ್ಣ ಅಂತ ಒಬ್ಬನಿದ್ದ. ಆಟದ ಕಾಯಿ ಕೆತ್ತುವುದು ಅವನ ಕಸುಬು. ಅವನ ಹೆಂಡತಿ ನಾಗಲೆ, ಆರು ವರ್ಷದ ಮಗಳು ಹೊನ್ನಿ. ಹೊನ್ನಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ನಕ್ಕರೆ ಬಾಯಲ್ಲೊಂದು ಕಿಟಕಿ ತೆರೆದ ಹಾಗೆ ಕಾಣುತ್ತಿತ್ತು.

ಊರಾಚೆಯ ಬೆಟ್ಟದ ಮೇಲೆ ಮಂಜುಗಣ್ಣ ಅಂತ ಒಬ್ಬ ಮಾಂತ್ರಿಕ. ಹಾಳಾದವನಿಗೆ ಹೊತ್ತು ಹೋಗುತ್ತಿರಲಿಲ್ಲ. ಆಗಾಗ ಸುಂಟರಗಾಳಿಯಾಗಿ ಬಂದು ಊರಿನ ಒಬ್ಬರನ್ನು ಎತ್ತಿಕೊಂಡು ಹೋಗಿ ತನ್ನ ಗಾಜಿನ ಮನೆಯಲ್ಲಿ ಕೂರಿಸಿಬಿಡುತ್ತಿದ್ದ. ಬಿಡಿಸಿಕೊಂಡು ಬರಬೇಕಾದರೆ ಮನೆಯವರಲ್ಲಿ ಒಬ್ಬರು ಮೂರು ಬಾಗಿಲು ದಾಟಬೇಕು. ಒಬ್ಬರು ಒಳಗೆ ಕಾಲಿಟ್ಟರೆ, ಅವರು ಬೆಟ್ಟ ಇಳಿದು ಬರುವ ತನಕ ಇನ್ನೊಬ್ಬರಿಗೆ ಪ್ರವೇಶವಿಲ್ಲ. ಪ್ರತಿ ಬಾಗಿಲಲ್ಲೂ ಒಬ್ಬ ಕಲ್ಲಿನ ಭಟ. ಅವನು ಕೇಳುವುದು ಒಂದೇ ಮಾತು: "ಮೆದುವೋ, ಹದವೋ, ಬಿರುಸೋ?"

ಮೆದು ಅಂದರೆ ಮೊದಲನೇ ಬಾಗಿಲ ಒಳಗಿನ ಹುಲಿ ಮರಿಯಷ್ಟಾಗುತ್ತದೆ. ಹದ ಅಂದರೆ ಹುಲಿ ಹುಲಿಯಷ್ಟೇ ಇರುತ್ತದೆ. ಬಿರುಸು ಅಂದಿರೋ, ಆನೆಯಷ್ಟು ಎತ್ತರ, ಮಿಂಚಿನಷ್ಟು ಚುರುಕು! ಸೋತರೆ ಜೀವಕ್ಕೇನೂ ಭಯವಿಲ್ಲ. ಹೊಸಿಲ ಹೊರಗೆ ಬಂದು ಬೀಳುತ್ತೀರಿ, ಭಟ ಮತ್ತೆ ಅದೇ ಮಾತು ಕೇಳುತ್ತಾನೆ, ಮತ್ತೆ ಹೋಗಬಹುದು. ಯಾವುದನ್ನು ಆರಿಸಿದರೂ ಕೊನೆಗೆ ಸಿಗುವುದು ಅದೇ ಗಾಜಿನ ಮನೆ, ಅದೇ ಮನುಷ್ಯ.

ಹಿಂದಿನ ವರ್ಷ ಎಣ್ಣೆ ಮಾರುವ ದುಗ್ಗವ್ವನ ಗಂಡನನ್ನು ಮಾಂತ್ರಿಕ ಎತ್ತಿಕೊಂಡು ಹೋಗಿದ್ದ. ದುಗ್ಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಮೂರು ಬಾಗಿಲಲ್ಲೂ ಮೆದು, ಮೆದು, ಮೆದು ಅಂದಳು. ಮೂರನೇ ದಿನ ಸಂಜೆಗೆ ಗಂಡನ ಕೈ ಹಿಡಿದುಕೊಂಡು ಬಂದುಬಿಟ್ಟಳು. ಊರಿಗೆ ಊರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಿಂಗಣ್ಣ.

"ಅದೂ ಒಂದು ಆಟವಾ ದುಗ್ಗವ್ವಾ? ಬೆಕ್ಕಿನ ಮರಿ ಓಡಿಸಿ ಬಂದ ಹಾಗಾಯ್ತು. ಅದರಲ್ಲೇನು ರುಚಿ?"

"ಅಯ್ಯೋ, ಚೆನ್ನಾಗೇ ಇತ್ತಪ್ಪ. ಹುಲಿ ಬಾಲ ಹಿಡಿದು ಎಳೆದೆ, ನಗು ತಡೆಯೋಕಾಗಲಿಲ್ಲ," ಅಂದಳು ದುಗ್ಗವ್ವ. "ಆದರೂ ನಾನು ಹೋದದ್ದು ಆಟಕ್ಕಲ್ಲ. ನನಗೆ ನನ್ನ ಗಂಡ ಬೇಕಿತ್ತು."

ಸಿಂಗಣ್ಣನಿಗೆ ಆ ಮಾತು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬಂತು.

ಒಂದು ದಿನ ಅವನು ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದ. ಹೊನ್ನಿ ಬಂದು ತೋಳು ಜಗ್ಗಿದಳು. "ಅಪ್ಪಾ, ನನಗೂ ಕಲಿಸು."

"ಇದೊಂದು ಆಟ ಮುಗೀಲಿ ತಾಯಿ, ಆಮೇಲೆ."

ಅವನು ಕವಡೆ ಕುಲುಕುತ್ತಿದ್ದಾಗಲೇ ಸುಂಟರಗಾಳಿ ಬಂತು. ಧೂಳು ಇಳಿದಾಗ ಜಗಲಿಯ ಮೇಲೆ ಹೊನ್ನಿ ಇರಲಿಲ್ಲ.

ಸಿಂಗಣ್ಣ ಎದೆ ಎದೆ ಬಡಿದುಕೊಂಡು ಅತ್ತ. ಸುಳ್ಳಲ್ಲ, ಮಗಳೆಂದರೆ ಅವನಿಗೆ ಜೀವ. ಅಲ್ಲೇ ಎದ್ದು ಬೆಟ್ಟಕ್ಕೆ ಹೊರಟ. ನಾಗಲೆ ಬುತ್ತಿ ಕಟ್ಟಿಕೊಟ್ಟು ಹೇಳಿದಳು, "ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಮಗು ಒಬ್ಬಳೇ ಇದ್ದಾಳೆ. ಆಟಕ್ಕೆ ನಿಂತುಬಿಡಬೇಡಿ, ಬೇಗ ಕರಕೊಂಡು ಬನ್ನಿ."

"ಅಷ್ಟೂ ತಿಳಿಯಲ್ವೇನೇ ನನಗೆ?" ಅಂದ ಸಿಂಗಣ್ಣ.

ಮೊದಲನೇ ಬಾಗಿಲಿಗೆ ಬಂದ. ಕಲ್ಲಿನ ಭಟ ಕೇಳಿದ, "ಮೆದುವೋ, ಹದವೋ, ಬಿರುಸೋ?"

ಸಿಂಗಣ್ಣನ ಬಾಯಿಗೆ 'ಮೆದು' ಅನ್ನುವ ಮಾತು ಬಂದೇ ಬಂತು. ಅಷ್ಟರಲ್ಲಿ ದುಗ್ಗವ್ವನನ್ನು ನೋಡಿ ತಾನೇ ನಕ್ಕದ್ದು ನೆನಪಾಯಿತು. ಊರವರು ಏನಂದಾರು? ಒಂದು ಸಲ ನೋಡೋಣ, ಆಗದಿದ್ದರೆ ಮೆದು ಇದ್ದೇ ಇದೆಯಲ್ಲ ಅಂದುಕೊಂಡ.

"ಬಿರುಸು," ಅಂದ.

ಒಳಗೆ ಹೋದ, ಹುಲಿ ಒಂದೇ ಏಟಿಗೆ ಹೊಸಿಲಾಚೆ ಎಸೆಯಿತು. ಎದ್ದ, ಮೈ ಕೊಡವಿಕೊಂಡ. ಹುಲಿ ನೆಗೆಯುವ ಮೊದಲು ಎಡಗಿವಿ ಅಲ್ಲಾಡಿಸುತ್ತದೆ ಅನ್ನುವುದು ಅವನ ಕಣ್ಣಿಗೆ ಬಿದ್ದಿತ್ತು. ಅರೆರೆ, ಹಾಗಾದರೆ ಬಲಕ್ಕೆ ಸರಿದರೆ? "ಬಿರುಸು," ಅಂದ ಮತ್ತೆ. ಮತ್ತೆ ಬಿದ್ದ. ಆದರೆ ಈ ಸಲ ಎರಡು ಹೆಜ್ಜೆ ಮುಂದೆ ಹೋಗಿ ಬಿದ್ದಿದ್ದ! ಆ ಎರಡು ಹೆಜ್ಜೆಯ ಖುಷಿ ಏನು ಅಂತ ಆಡಿದವರಿಗೇ ಗೊತ್ತು. ನಾನು ಇಲ್ಲ ಅನ್ನುವುದಿಲ್ಲ.

ಆ ಬಾಗಿಲುಗಳ ಒಳಗೆ ಹಸಿವಿಲ್ಲ, ನಿದ್ದೆಯಿಲ್ಲ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಬುತ್ತಿ ಗಂಟು ಬಿಚ್ಚಲೇ ಇಲ್ಲ. ಸಿಂಗಣ್ಣ ಬಿದ್ದ, ಎದ್ದ, ಬಿದ್ದ, ಎದ್ದ. ಕೊನೆಗೆ ಕಲ್ಲಿನ ಭಟನಿಗೇ ಕರುಳು ಚುರುಕ್ ಅಂದಿತು.

"ಅಯ್ಯಾ, ಮಗು ಕಾಯ್ತಾ ಇದೆ. ಈ ಸಲ ಮೆದು ಅಂದುಬಿಡು."

"ಇನ್ನೊಂದೇ ಸಲ. ಈಗ ಕೈಗೆ ಹತ್ತಿದೆ," ಅಂದ ಸಿಂಗಣ್ಣ.

ಆ ಇನ್ನೊಂದು ಸಲ ಐದು ವರ್ಷ ನಡೆಯಿತು. ಹುಲಿ ಸೋತು ಮಂಡಿಯೂರಿದ ದಿನ ಸಿಂಗಣ್ಣ ಕುಣಿದಾಡಿಬಿಟ್ಟ.

ಎರಡನೇ ಬಾಗಿಲ ಒಳಗೆ ಹೊಳೆ. ಹೊಳೆಯಲ್ಲಿ ತೇಲುವ ಕಲ್ಲುಗಳು, ತಪ್ಪು ಕಲ್ಲಿಗೆ ಕಾಲಿಟ್ಟರೆ ಮುಳುಗುತ್ತದೆ. "ಮೆದುವೋ, ಹದವೋ, ಬಿರುಸೋ?" ಹುಲಿಯನ್ನೇ ಬಿರುಸಲ್ಲಿ ಗೆದ್ದವನು ಹೊಳೆಗೆ ಮೆದು ಅನ್ನುವುದುಂಟೇ? ನಾಲ್ಕು ವರ್ಷ. ಮೂರನೇ ಬಾಗಿಲ ಒಳಗೆ ಚೌಕಾಬಾರ ಹಾಸಿಕೊಂಡು ಕೂತ ಬೇತಾಳ. ನೀವು ಕವಡೆ ಎಸೆಯುವ ಮೊದಲೇ ಎಷ್ಟು ಬೀಳುತ್ತದೆ ಅಂತ ಅದಕ್ಕೆ ಗೊತ್ತು. "ಮೆದುವೋ, ಹದವೋ, ಬಿರುಸೋ?" ಎರಡು ಬಾಗಿಲು ಬಿರುಸಲ್ಲಿ ದಾಟಿ ಮೂರನೆಯದನ್ನು ಕೆಡಿಸಿಕೊಳ್ಳುವುದಾ? ಮೂರು ವರ್ಷ. ಬೇತಾಳ ತನ್ನ ಕೊನೆಯ ಕಾಯಿ ಕೆಳಗಿಟ್ಟು ಕೈ ಮುಗಿಯಿತು.

ಗಾಜಿನ ಮನೆಯ ಬಾಗಿಲು ತೆರೆಯಿತು. ಎದುರಿಗೆ ಮಂಜುಗಣ್ಣ ನಿಂತಿದ್ದ, ಕಣ್ಣಲ್ಲಿ ನೀರು. "ಎಂಥಾ ಆಟ ಆಡಿದೆಯೋ ಮಹರಾಯ! ಮೂರೂ ಬಾಗಿಲು ಬಿರುಸಲ್ಲಿ ಗೆದ್ದವನು ಬಂದ ದಿನ ನನ್ನ ಆಯಸ್ಸು ಮುಗಿಯುತ್ತೆ ಅಂತ ಬರೆದಿತ್ತು. ಹನ್ನೆರಡು ವರ್ಷ ರೆಪ್ಪೆ ಮುಚ್ಚದೆ ನೋಡಿದ್ದೀನಿ. ಇನ್ನು ಸಾಕು." ಹಾಗಂದವನೇ ಮಂಜಾಗಿ ಕರಗಿಹೋದ. ಗಾಜಿನ ಮನೆ ಪುಡಿಪುಡಿಯಾಯಿತು.

ಹನ್ನೆರಡು ವರ್ಷವೇ! ಸಿಂಗಣ್ಣ ತನ್ನ ಗಡ್ಡ ಮುಟ್ಟಿ ನೋಡಿಕೊಂಡ. ಬೆಳ್ಳಗಾಗಿತ್ತು. ಗಾಜಿನ ಪುಡಿಯ ನಡುವೆ ಎತ್ತರದ ಹುಡುಗಿಯೊಬ್ಬಳು ನಿಂತಿದ್ದಳು. ಹಲ್ಲೆಲ್ಲ ಸಾಲಾಗಿ ಬಂದಿದ್ದವು.

"ಹೊನ್ನಿ?"

"ಹೂಂ ಅಪ್ಪ."

ದಾರಿಯಲ್ಲಿ ಅವಳೇ ಕೇಳಿದಳು. "ಗೋಡೆಯಲ್ಲಿ ಎಲ್ಲಾ ಕಾಣಿಸ್ತಿತ್ತಪ್ಪ. ಮೊದಮೊದಲು ನೀನು ಎದ್ದಾಗೆಲ್ಲ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಆಮೇಲೆ ಭಟ ಕೇಳೋದನ್ನೇ ಕಾಯ್ತಾ ಕೂತಿರ್ತಿದ್ದೆ. ಈ ಸಲ ಅಪ್ಪ ಮೆದು ಅಂತಾನೆ, ಈ ಸಲ ಅಂತಾನೆ ಅಂತ. ಅಂದಿದ್ದರೆ ಎಷ್ಟು ದಿನ ಆಗ್ತಿತ್ತು?"

"ಮೂರು ದಿನ," ಅಂದ ಸಿಂಗಣ್ಣ.

ಊರಲ್ಲಿ ಹಬ್ಬವೋ ಹಬ್ಬ. ಮಾಂತ್ರಿಕ ಸತ್ತ, ಇನ್ನು ಯಾರ ಮನೆಯವರನ್ನೂ ಗಾಳಿ ಹೊತ್ತೊಯ್ಯುವುದಿಲ್ಲ! ರಾಜ ಶಾಲು ಹೊದೆಸಿ, "ನಾಡನ್ನು ಕಾಯಬೇಕೆಂದೇ ನೀನು ಬಿರುಸು ಆರಿಸಿಕೊಂಡೆ, ಅಲ್ಲವೇ?" ಅಂತ ಕೇಳಿದ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸಿಂಗಣ್ಣ ತಲೆಯಲ್ಲಾಡಿಸಿದ. "ಇಲ್ಲ ಪ್ರಭು. ಅದು ನನಗೆ ಗೊತ್ತೇ ಇರಲಿಲ್ಲ. ನನಗೆ ಆಟ ರುಚಿಸಿತು, ಅಷ್ಟೇ." ಶಾಲು ಮಡಿಸಿ ಅಲ್ಲೇ ಇಟ್ಟು ಬಂದ.

ಮನೆಯ ಬಾಗಿಲಲ್ಲಿ ನಾಗಲೆ ನಿಂತಿದ್ದಳು, ಕೈಯಲ್ಲಿ ಆರು ವರ್ಷದವಳ ಹಸಿರು ಲಂಗ. ಎತ್ತರದ ಹುಡುಗಿಯನ್ನು ನೋಡಿದಳು. ಅವಳ ಹಿಂದೆ ಸಣ್ಣವಳು ಯಾರಾದರೂ ಇದ್ದಾಳಾ ಅಂತ ಬಗ್ಗಿ ನೋಡಿದಳು. ಆಮೇಲೆ ಗೊತ್ತಾಗಿ, ಲಂಗವನ್ನು ಬಾಯಿಗೆ ಒತ್ತಿಕೊಂಡು ಹುಡುಗಿಯನ್ನು ತಬ್ಬಿ ಅತ್ತಳು. ಗಂಡನತ್ತ ತಿರುಗದೆ ಅವಳನ್ನು ಒಳಗೆ ಕರಕೊಂಡು ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಸಿಂಗಣ್ಣ ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದು, ಹೊಸದಾಗಿ ಕೆತ್ತಿದ ಕಾಯಿ ಇಟ್ಟು ಕರೆದ. "ಬಾ ಹೊನ್ನಿ, ಕಲಿಸ್ತೀನಿ."

ಹೊನ್ನಿ ಬಂದು ಕೂತಳು. "ನನಗೆ ಬರುತ್ತಪ್ಪ. ಅವನೇ ಕಲಿಸಿದ, ಆ ಮಂಜುಗಣ್ಣ. ನಾನು ತುಂಬಾ ಅಳ್ತಿದ್ದೆ ಅಂತ. ಸಣ್ಣವಳಲ್ವಾ, ಮೊದಮೊದಲು ನನಗೇ ಗೆಲ್ಲೋಕೆ ಬಿಡ್ತಿದ್ದ."

ತಾನು ಕಲಿಸಬೇಕಿದ್ದನ್ನು ಆ ಮಾಂತ್ರಿಕ ಕಲಿಸಿದ್ದ. ಸಿಂಗಣ್ಣ ಕುಲುಕಲು ಎತ್ತಿದ್ದ ಕವಡೆಯನ್ನು ಹಾಗೇ ಕೆಳಗಿಟ್ಟ. ಹೊನ್ನಿ ಅದನ್ನು ನೋಡಿದಳು. ಕವಡೆಯನ್ನು ತನ್ನ ಕೈಗೆ ತೆಗೆದುಕೊಂಡು, ಕೊಂಕಿಲ್ಲದೆ, ಮೆಲ್ಲಗೆ ಕೇಳಿದಳು.

"ಹೇಳಪ್ಪ. ಮೆದುವೋ, ಹದವೋ, ಬಿರುಸೋ?"

"ಮೆದು, ಮಗಾ," ಅಂದ ಸಿಂಗಣ್ಣ. "ಮೆದು."

ಕವಡೇಪುರದವರೆಲ್ಲ ಅಂದಿನಿಂದ ಸುಖವಾಗಿದ್ದರು. ಸಿಂಗಣ್ಣನ ಮನೆಯವರೂ ಉಂಡು ಉಟ್ಟು ಚೆನ್ನಾಗೇ ಇದ್ದರು. ಆ ಹಸಿರು ಲಂಗವನ್ನು ಮಾತ್ರ ನಾಗಲೆ ಪೆಟ್ಟಿಗೆಯ ತಳಕ್ಕೆ ಇಟ್ಟುಬಿಟ್ಟಳು.